10,000 ಎಂಎಂ ಜಾಕೆಟ್ ಹಾಕಿದ್ರೂ ಒಳಗೆಲ್ಲ ಒದ್ದೆ, ಯಾಕೆ?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ವಯಸ್ಸು 31, ಮೂರು ವರ್ಷದಿಂದ ಟ್ರೆಕ್ಕಿಂಗ್ ಹುಚ್ಚು. ಹೋದ ಜುಲೈನಲ್ಲಿ ಕುದುರೆಮುಖಕ್ಕೆ ಹೋಗಿದ್ವಿ. 6,500 ರೂಪಾಯಿ ಕೊಟ್ಟು ತಗೊಂಡಿದ್ದ ವಾಟರ್‌ಪ್ರೂಫ್ ಜಾಕೆಟ್, ಲೇಬಲ್ ಮೇಲೆ 10,000 ಎಂಎಂ ಅಂತ ಇತ್ತು, ಎರಡೇ ಗಂಟೇಲಿ ಒಳಗಿನ ಟೀ ಶರ್ಟ್ ಹಿಂಡೋ ಹಾಗಾಯ್ತು. ಬ್ಯಾಗಿಗೆ ರೈನ್ ಕವರ್ ಹಾಕಿದ್ರೂ ಒಳಗಿದ್ದ ಬಟ್ಟೆ ಒದ್ದೆ. ತುದಿ ತಲುಪೋ ಹೊತ್ತಿಗೆ ನಡುಕ ಶುರುವಾಗಿ ಹಲ್ಲು ಕಟಕಟ ಅಂತಿತ್ತು. ಜೊತೆಗಿದ್ದ ಗೆಳೆಯ ಸಾವಿರ ರೂಪಾಯಿಯ ಪಾಂಚೋ, ಅಂದ್ರೆ ತಲೆ ಮೇಲಿಂದ ಇಳಿಬಿಡೋ ತೋಳಿಲ್ಲದ ಮಳೆ ಹೊದಿಕೆ, ಹಾಕಿದ್ದ, ಅವನೇ ನನಗಿಂತ ವಾಸಿ ಇದ್ದ. ಈ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಹಿಮಾಚಲದ ಹಂಪ್ಟಾ ಪಾಸ್‌ಗೆ ನಾವೇ ಟೆಂಟ್ ಹೊತ್ಕೊಂಡು ಹೋಗ್ಬೇಕು ಅಂತಿದೀವಿ. ಅಂಗಡಿಯವರು 18,000ದ ತ್ರೀ ಲೇಯರ್ ಜಾಕೆಟ್ ತಗೊಳ್ಳಿ ಅಂತಾರೆ. ನಮ್ಮ ಹತ್ರ ಇಬ್ಬರು ಮಲಗೋ ಹಳೇ ಟೆಂಟ್ ಎರಡಿವೆ, ಒಂದೊಂದು 3.2 ಕೆಜಿ. ವಿಡಿಯೋಗಳಲ್ಲಿ 600 ಗ್ರಾಮಿನ ಟಾರ್ಪ್, ಅಂದ್ರೆ ಹಗ್ಗದಿಂದ ಕಟ್ಟೋ ನೆಲ ಇಲ್ಲದ ಬರೀ ಮೇಲ್ಹೊದಿಕೆ, ತೋರಿಸ್ತಾರೆ, ಅದೊಂದಿದ್ರೆ ಮಲೆನಾಡಿಗೂ ಆಗತ್ತೆ ಹಿಮಾಲಯಕ್ಕೂ ಆಗತ್ತೆ ಅನ್ನಿಸ್ತಿದೆ. ಏನ್ ಮಾಡ್ಲಿ?

ಉತ್ತರ: ನೀವು ಕೇಳಿರೋದು ಜಾಕೆಟ್ ಮತ್ತೆ ಟೆಂಟ್ ಬಗ್ಗೆ. ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಆ ಹಲ್ಲು ಕಟಕಟ ಅಂದಿದ್ದು. ಅದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಇಡೀ ಪತ್ರದಲ್ಲಿ ಅಪಾಯದ ವಿಷಯ ಅಂದ್ರೆ ಅದೊಂದೇ, ಉಳಿದಿದ್ದೆಲ್ಲ ಕಿರಿಕಿರಿ ಅಷ್ಟೆ.

ಮೊದಲು ಜಾಕೆಟ್. ನನ್ನ ಅಂದಾಜಲ್ಲಿ ನಿಮ್ಮ ಜಾಕೆಟ್ ಸೋರಿಲ್ಲ, ನೀವು ನೆಂದಿದ್ದು ನಿಮ್ಮದೇ ಬೆವರಲ್ಲಿ. ಹದಿನೆಂಟು ವರ್ಷದಿಂದ ಮಳೆಗಾಲದಲ್ಲಿ ಜನರನ್ನ ಬೆಟ್ಟ ಹತ್ತಿಸ್ತಿದೀನಿ, "ಜಾಕೆಟ್ ಲೀಕ್ ಆಗ್ತಿದೆ ಸರ್" ಅಂತ ತಂದು ತೋರಿಸಿದವುಗಳಲ್ಲಿ ನಿಜವಾಗ್ಲೂ ಸೋರ್ತಿದ್ದವು ಕಮ್ಮಿ. ಆ 10,000 ಎಂಎಂ ಅಂದ್ರೆ ಏನು ಅಂದ್ರೆ, ಬಟ್ಟೆ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದ್ರೂ ತಡೀತದೆ ಅಂತ. ಮಳೆ ಹನಿಗೆ ಅಷ್ಟು ಒತ್ತಡ ಇರೋದೇ ಇಲ್ಲ, ಎಷ್ಟೋ ಟೆಂಟಿನ ಮೇಲ್ಹೊದಿಕೆ 1,500 ರಿಂದ 3,000 ಎಂಎಂ ಒಳಗೇ ಇರತ್ತೆ, ಅವೂ ಜಡಿಮಳೆ ತಡ್ಕೊಳ್ತವೆ. ಬ್ಯಾಗಿನ ಪಟ್ಟಿ ಹೆಗಲ ಮೇಲೆ ಒತ್ತೋ ಜಾಗ, ಒದ್ದೆ ಕಲ್ಲಿನ ಮೇಲೆ ಕೂತಾಗ ಕೆಳಗೆ, ಇಂಥ ಕಡೆ ಮಾತ್ರ ದೊಡ್ಡ ನಂಬರಿಂದ ಉಪಯೋಗ. ಹಾಗಾಗಿ 10,000 ಬಿಟ್ಟು 20,000 ತಗೊಂಡ್ರೆ ಡಬಲ್ ಒಣಗಿರ್ತೀನಿ ಅನ್ನೋದು ತಪ್ಪು ಲೆಕ್ಕ.

ಲೇಬಲ್ ಮೇಲೆ ಇನ್ನೊಂದು ನಂಬರ್ ಇರತ್ತೆ, ಉಸಿರಾಡೋ ಶಕ್ತಿ ಅಂತ, ಒಂದು ಚದರ ಮೀಟರ್ ಬಟ್ಟೆ 24 ಗಂಟೇಲಿ ಎಷ್ಟು ಗ್ರಾಮ್ ಆವಿ ಹೊರಗೆ ಬಿಡತ್ತೆ ಅಂತ. ಅದೂ 10,000 ಇದೆ ಅಂತಿಟ್ಕೊಳ್ಳಿ. ಗಂಟೆಗೆ ಭಾಗಿಸಿದ್ರೆ ಸುಮಾರು 400 ಗ್ರಾಮ್. ಬ್ಯಾಗ್ ಹೊತ್ಕೊಂಡು ಏರು ಹತ್ತುವಾಗ ಮನುಷ್ಯ ಗಂಟೆಗೆ ಅರ್ಧ ಲೀಟರಿಂದ ಒಂದು ಲೀಟರ್ ತನಕ ಬೆವರ್ತಾನೆ. ಅಂದ್ರೆ ಲ್ಯಾಬಲ್ಲಿ ಎಲ್ಲಾ ಸರಿ ಇದ್ದಾಗ್ಲೇ ಸಾಲದು, ಇನ್ನು ನಮ್ಮ ಘಟ್ಟದಲ್ಲಿ ಲ್ಯಾಬಿನ ಪರಿಸ್ಥಿತಿ ಎಲ್ಲಿಂದ ಬರ್ಬೇಕು.

ಇಲ್ಲೇ ಮುಖ್ಯ ವಿಷಯ ಇರೋದು. ಈ ಬಟ್ಟೆಗಳಲ್ಲಿರೋ ತೆಳು ಪೊರೆ ಆವಿನ ತಾನಾಗೇ ಹೊರಗೆ ತಳ್ಳಲ್ಲ, ಅದರಲ್ಲಿ ಪಂಪ್ ಏನೂ ಇಲ್ಲ. ಒಳಗೆ ಆವಿ ಜಾಸ್ತಿ, ಹೊರಗೆ ಕಮ್ಮಿ ಇದ್ರೆ ಆ ವ್ಯತ್ಯಾಸಕ್ಕೆ ಆವಿ ಹೊರಗೆ ಹೋಗತ್ತೆ, ಅಷ್ಟೆ. 20 ಡಿಗ್ರಿಯ ಗಾಳಿ ಪೂರ್ತಿ ತೇವ ಕುಡಿದಾಗ ಒಂದು ಘನ ಮೀಟರಿಗೆ ಸುಮಾರು 17 ಗ್ರಾಮ್ ನೀರಿನ ಆವಿ ಹಿಡ್ಕೊಂಡಿರತ್ತೆ, 5 ಡಿಗ್ರಿಯ ಗಾಳಿ 7 ಗ್ರಾಮ್ ಕೂಡ ಹಿಡಿಯಲ್ಲ. ಪುಷ್ಯ ಮಳೆ ಹೊತ್ತಲ್ಲಿ ಕುದುರೆಮುಖದ ಮಂಜೊಳಗೆ ನಿಂತ್ರೆ ಹೊರಗಿನ ಗಾಳಿ ಆಗ್ಲೇ ತುಂಬಿ ತುಳುಕ್ತಿರತ್ತೆ, ನಿಮ್ಮ ಬೆವರಿಗೆ ಹೋಗೋಕೆ ಜಾಗ ಎಲ್ಲಿ? ಅದೇ ಜಾಕೆಟ್ ಹಂಪ್ಟಾದ ಮೇಲಿನ ಕ್ಯಾಂಪಲ್ಲಿ, 3,500 ಮೀಟರ್ ಮೇಲೆ ಚಳಿ ಗಾಳೀಲಿ, ಎಷ್ಟೋ ಚೆನ್ನಾಗಿ ಕೆಲಸ ಮಾಡತ್ತೆ. ಜಾಕೆಟ್ ಅದೇ, ಬೆಟ್ಟ ಬೇರೆ. ಇದನ್ನ ಅಂಗಡೀಲಿ ಯಾರೂ ಹೇಳಲ್ಲ, ಸುಳ್ಳು ಹೇಳ್ತಾರೆ ಅಂತಲ್ಲ, ಈ ಬಟ್ಟೆ ಹುಟ್ಟಿದ್ದೇ ಚಳಿ ದೇಶದಲ್ಲಿ, ಲೇಬಲ್ ಬರೆಯೋರು ಆಗುಂಬೆ ಮಳೆ ನೋಡಿರಲ್ಲ. ವರ್ಷಕ್ಕೆ 7,000 ಎಂಎಂ ಮೇಲೆ ಮಳೆ ಬೀಳೋ ಜಾಗಕ್ಕೆ ಲೆಕ್ಕಾನೇ ಬೇರೆ.

ಇನ್ನೊಂದು ಕಾರಣನೂ ಸೇರಿರಬಹುದು. ಜಾಕೆಟಿನ ಹೊರಮೈಗೆ ನೀರು ಜಾರೋ ಲೇಪ ಇರತ್ತೆ, ಹೊಸದರಲ್ಲಿ ನೀರು ಕೆಸುವಿನ ಎಲೆ ಮೇಲೆ ಓಡಿದ ಹಾಗೆ ಓಡತ್ತೆ. ಬ್ಯಾಗ್ ಉಜ್ಜಿ, ಮಣ್ಣು ಬೆವರು ಸೇರಿ ಅದು ಹೋಗಿಬಿಡತ್ತೆ, ಆಗ ಹೊರಗಿನ ಬಟ್ಟೆನೇ ನೀರು ಕುಡಿದು ಭಾರ ಆಗತ್ತೆ. ನೀರು ಪೊರೆ ದಾಟಿ ಒಳಗೆ ಬರಲ್ಲ, ಆದ್ರೆ ಒಳಗಿನ ಆವಿಗೂ ಬಾಗಿಲು ಮುಚ್ಚಿಹೋಗತ್ತೆ, ಮೈಗೆ ತಣ್ಣಗೆ ಅಂಟಿಕೊಳ್ಳತ್ತೆ, ನಿಮಗೆ ಸೋರ್ತಿದೆ ಅಂತಾನೇ ಅನ್ಸತ್ತೆ. ಇವತ್ತೇ ತೋಳಿನ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಮುತ್ತಿನ ಹಾಗೆ ಜಾರಿದ್ರೆ ಸರಿ, ಕಪ್ಪಗೆ ಹರಡಿದ್ರೆ ಲೇಪ ಹೋಗಿದೆ. ಇಂಥ ಬಟ್ಟೆಗೆ ಅಂತಾನೇ ಸಿಗೋ ಲಿಕ್ವಿಡಲ್ಲಿ ತೊಳೀರಿ, ಬಟ್ಟೆ ಸೋಪಿನ ಪುಡಿ ಬೇಡ, ಕಂಫರ್ಟ್ ಥರದ್ದು ಸುತಾರಾಂ ಬೇಡ, ಅದರ ಅಂಶ ಉಳಿದು ನೀರನ್ನ ಇನ್ನೂ ಎಳ್ಕೊಳ್ಳತ್ತೆ. ಒಣಗಿದ ಮೇಲೆ ಲೇಬಲ್ಲಲ್ಲಿ ಇಸ್ತ್ರಿ ಓಕೆ ಅಂತಿದ್ರೆ ಮೇಲೊಂದು ಕಾಟನ್ ಬಟ್ಟೆ ಹಾಸಿ ಕಮ್ಮಿ ಬಿಸೀಲಿ ಇಸ್ತ್ರಿ ಆಡಿಸಿ, ಎಷ್ಟೋ ಸಲ ಅಷ್ಟಕ್ಕೇ ಲೇಪ ಮತ್ತೆ ಎದ್ದು ಕೂರತ್ತೆ. ಆಗ್ಲಿಲ್ಲ ಅಂದ್ರೆ ಸ್ಪ್ರೇ ಸಿಗತ್ತೆ. ಒಳಮೈ ಮುಟ್ಟಿ ನೋಡಿ, ಜಿಗುಟು ಜಿಗುಟಾಗಿ ಹುಳಿ ವಾಸನೆ ಬರ್ತಿದ್ರೆ ಮಾತ್ರ ಒಳಗಿನ ಪಿಯು (ಪಾಲಿಯುರೆಥೇನ್ ಅನ್ನೋ ನೀರು ತಡೆಯೋ ಪ್ಲಾಸ್ಟಿಕ್) ಕೋಟಿಂಗ್ ಕೊಳೆತಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ. ಒದ್ದೆ ಜಾಕೆಟ್, ಒದ್ದೆ ಟೆಂಟ್ ಸುತ್ತಿ ಅಟ್ಟಕ್ಕೆ ಹಾಕೋರಿಗೆ ಎರಡೇ ಮಳೆಗಾಲಕ್ಕೆ ಈ ಗತಿ ಬರತ್ತೆ.

ಈಗ ನಿಮ್ಮ ಗೆಳೆಯನ ಪಾಂಚೋ. ಅದು ಅಗ್ಗದ್ದಾದ್ರೂ ಯಾಕೆ ಗೆದ್ದಿತು ಅಂದ್ರೆ ಕೆಳಗೆ ತೆರೆದಿರತ್ತೆ, ಗಾಳಿ ಆಡತ್ತೆ. ಇದು ಹೊಸ ವಿದ್ಯೆ ಅಲ್ಲ. ನಮ್ಮ ಕಡೆ ಗದ್ದೆ ನೆಟ್ಟಿಗೆ ಹೆಂಗಸರು ಗೊರಬು ಹಾಕ್ಕೊಂಡು ಬಗ್ಗಿ ದಿನವಿಡೀ ಕೆಲಸ ಮಾಡ್ತಿದ್ದರು, ತಲೆಯಿಂದ ಬೆನ್ನ ತುಂಬ ಮುಚ್ಚತ್ತೆ, ಮುಂದೆ ಪೂರ್ತಿ ಖಾಲಿ. ಮಳೆ ಬೆನ್ನ ಮೇಲೆ ಬೀಳತ್ತೆ, ಬೆವರು ಎದೆ ಕಡೆಯಿಂದ ಹೋಗತ್ತೆ. ಕಂಬಳಿ ಕೊಪ್ಪೆನೂ ಹಾಗೇ, ಹೊರಮೈ ನೆಂದ್ರೂ ಉಣ್ಣೆ ಒಳಗೆ ಬೆಚ್ಚಗಿಡತ್ತೆ. ನಮ್ಮ ಅಜ್ಜ ಆರಿದ್ರಾ ಮಳೇಲಿ ತೋಟಕ್ಕೆ ಹೋಗಿ ಬಂದು ಕೊಪ್ಪೆ ಕೊಡವಿ ಒಲೆ ಮೇಲಿನ ತಂತಿಗೆ ಹಾಕ್ತಿದ್ದರು, ಒಳಗಿನ ಅಂಗಿ ಹೆಚ್ಚುಕಮ್ಮಿ ಒಣಗೇ ಇರ್ತಿತ್ತು. ಮೈಗೆ ಅಂಟದ ಹಾಗೆ, ಗಾಳಿ ಆಡೋ ಹಾಗೆ ಮುಚ್ಚೋದು, ಇದೇ ಬಿಸಿ ಮಳೆಗೆ ಸರಿಯಾದ ದಾರಿ.

ಹಾಗಂತ ಎಲ್ಲಾ ಕಡೆ ಪಾಂಚೋ ಅಂತಲ್ಲ. ಕಾಡಿನ ದಾರೀಲಿ ಅದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ, 250-300 ಗ್ರಾಮಲ್ಲಿ ನೀವೂ ಬ್ಯಾಗೂ ಎರಡೂ ಮುಚ್ಚತ್ತೆ. ಆದ್ರೆ ಶೋಲಾ ಕಾಡು ದಾಟಿ ಹುಲ್ಲಿನ ಗುಡ್ಡಕ್ಕೆ ಬಂದಕೂಡ್ಲೇ ಗಾಳಿಗೆ ಅದು ಹಾಯಿ ಆಗತ್ತೆ, ಮುಖಕ್ಕೆ ಮುಚ್ಚಿಕೊಂಡು ಕಾಲು ಎಲ್ಲಿಡ್ತಿದೀವಿ ಅಂತಾನೇ ಕಾಣಲ್ಲ, ಕಿರಿದಾದ ಏಣಿನ ಮೇಲೆ ಅದು ನಿಜವಾಗ್ಲೂ ಅಪಾಯ. ಸೊಂಟಕ್ಕೆ ಒಂದು ಹಗ್ಗ ಕಟ್ಕೊಳ್ಳಿ, ಅರ್ಧ ಸಮಸ್ಯೆ ಹೋಗತ್ತೆ. ಕೊಡೆ ಬಗ್ಗೆ ಜನ ನಗ್ತಾರೆ, ನಾನು ಮಾತ್ರ ಕಾಡಲ್ಲಿ, ಜೀಪ್ ರೋಡಲ್ಲಿ ಕೊಡೆ ಹಿಡಿದೇ ನಡೆಯೋನು, ಮುಖಕ್ಕೆ ಗಾಳಿ, ಕನ್ನಡಕಕ್ಕೆ ಹನಿ ಇಲ್ಲ, ಬೆವರೂ ಕಮ್ಮಿ. ಬಯಲಿಗೆ ಬಂದ್ರೆ ಮಡಚಿ ಒಳಗೆ, ಗುಡುಗು ಕೇಳಿಸಿದ್ರೂ ಒಳಗೆ. ಬೈಕ್ ಓಡಿಸೋವಾಗ ಹಾಕೋ ರೆಕ್ಸಿನ್ ಥರದ ರೈನ್‌ಕೋಟ್ ಬೆಟ್ಟಕ್ಕೆ ತರಬೇಡಿ, ಭಾರ, ಒಳಗೆ ಬೇಯ್ತೀರಿ.

ಹಾಗಾದ್ರೆ 18,000ದ ಜಾಕೆಟ್? ಬೇಡ ಅಂತೀನಿ, ಕನಿಷ್ಠ ಈ ವರ್ಷ. ತ್ರೀ ಲೇಯರ್ ಅಂದ್ರೆ ಪೊರೆಗೆ ಒಳಗೂ ಹೊರಗೂ ಬಟ್ಟೆ ಅಂಟಿಸಿರ್ತಾರೆ, ಗಟ್ಟಿ, ಮೈಗೆ ಅಷ್ಟು ಅಂಟಲ್ಲ, ವರ್ಷಕ್ಕೆ ಮೂವತ್ತು ನಲವತ್ತು ದಿನ ಚಳಿ ಬೆಟ್ಟದಲ್ಲಿರೋರಿಗೆ ದುಡ್ಡಿಗೆ ತಕ್ಕ ಬೆಲೆ. ನಿಮಗೆ ಈಗಿರೋ ಜಾಕೆಟ್ ಲೇಪ ಸರಿಮಾಡಿದ್ರೆ ಹಂಪ್ಟಾಕ್ಕೆ ಸಾಕು. ಮುಂದೆ ಯಾವತ್ತಾದ್ರೂ ಹೊಸದು ತಗೊಂಡ್ರೆ ನಂಬರ್ ನೋಡ್ಬೇಡಿ, ಕಂಕುಳಲ್ಲಿ ಜಿಪ್ ಇದೆಯಾ ನೋಡಿ. ಆ ಎರಡು ಜಿಪ್ ತೆರೆದ್ರೆ ಹೋಗೋ ಆವಿ ಯಾವ ಪೊರೆಯಿಂದಾನೂ ಹೋಗಲ್ಲ. ಮಳೆ ಪ್ಯಾಂಟ್ ಬದಲು ಸೊಂಟಕ್ಕೆ ಸುತ್ತೋ ವಾಟರ್‌ಪ್ರೂಫ್ ತುಂಡು ಸಿಗತ್ತೆ, ಹೊರಗಡೆ ಕಿಲ್ಟ್ ಅಂತಾರೆ, ನಮಗದು ಲುಂಗಿನೇ, ನೂರು ಗ್ರಾಮ್ ಕೂಡ ಇಲ್ಲ, ಅದನ್ನೂ ಪ್ರಯತ್ನಿಸಿ.

ಬ್ಯಾಗ್ ಒಳಗೆ ಒದ್ದೆ ಆಗಿದ್ದಕ್ಕೆ ಕಾರಣ ಸರಳ. ಕವರ್ ಮುಚ್ಚೋದು ಹೊರಗಿನ ಮೂರು ಮೈ, ನಿಮ್ಮ ಬೆನ್ನಿಗೆ ತಾಗೋ ಮೈ ತೆರೆದೇ ಇರತ್ತೆ, ಕತ್ತಿಂದ ಇಳಿದ ನೀರೆಲ್ಲ ಅಲ್ಲಿಂದ ಒಳಗೆ, ಆಮೇಲೆ ಕವರ್ ತಳದಲ್ಲಿ ಹೊಂಡ. ಲಂಟಾನ ಮುಳ್ಳಿಗೆ ಸಿಕ್ಕಿ ಹರಿಯೋದು ಬೇರೆ. ನೀರು ತಡೆಯೋದು ಬ್ಯಾಗಿನ ಹೊರಗಲ್ಲ ಒಳಗೆ ಮಾಡ್ಬೇಕು. ದಪ್ಪ ಪ್ಲಾಸ್ಟಿಕ್ ಚೀಲ, ಗೊಬ್ಬರದ ಚೀಲದ ಒಳಗಿರತ್ತಲ್ಲ ಅಂಥ ದಪ್ಪದ್ದು, ಹೊಸದು, ಬ್ಯಾಗಿನ ಒಳಗೆ ಇಳಿಬಿಟ್ಟು ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಅದರೊಳಗೆ ಹಾಕಿ, ಗಾಳಿ ಹಿಂಡಿ, ಬಾಯಿ ತಿರುಚಿ ಮಡಚಿ ಒಂದು ರಬ್ಬರ್ ಬ್ಯಾಂಡ್. ಐವತ್ತು ರೂಪಾಯಿ ಕೆಲಸ. ಇಡೀ ಉತ್ತರದಲ್ಲಿ ಒಂದೇ ಒಂದು ಮಾತು ಪಾಲಿಸ್ತೀನಿ ಅಂದ್ರೆ ಇದನ್ನ ಪಾಲಿಸಿ.

ಯಾಕಂದ್ರೆ ಈಗ ಆ ನಡುಕದ ವಿಷಯ. ಘಟ್ಟದ ಮಳೇಲಿ ಒಣಗಿರ್ತೀನಿ ಅನ್ನೋ ಆಸೆ ಬಿಟ್ಟುಬಿಡಿ, ಒದ್ದೆ ಆಗೇ ಆಗ್ತೀರಿ. ಒದ್ದೆ ಆದ್ರೂ ಥಂಡಿ ಆಗದ ಹಾಗೆ ನೋಡ್ಕೊಳ್ಳೋದು, ರಾತ್ರಿಗೆ ಒಂದು ಜೊತೆ ಬಟ್ಟೆ ಒಣಗಿಟ್ಕೊಳ್ಳೋದು, ಇಷ್ಟು ನಮ್ಮ ಕೈಲಿದೆ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದ್ರೆ ಅದಕ್ಕೆ ಹೈಪೋಥರ್ಮಿಯಾ ಅಂತಾರೆ, ಅದಕ್ಕೆ ಹಿಮ ಬೇಕಿಲ್ಲ, ಒದ್ದೆ ಬಟ್ಟೆ, ಜೋರು ಗಾಳಿ, ಖಾಲಿ ಹೊಟ್ಟೆ ಸಾಕು. ಕುದುರೆಮುಖ 1,894 ಮೀಟರ್, ಸಾವಿರ ಮೀಟರ್ ಹತ್ತಿದ್ರೆ ಸುಮಾರು 6 ಡಿಗ್ರಿ ಕಮ್ಮಿ ಆಗತ್ತೆ, ಮೇಲೆ ಗಾಳಿಗೆ ತಡೆಯೇ ಇಲ್ಲ. ಒಂದ್ಸಲ ನನ್ನ ಗುಂಪಲ್ಲೇ ಜೀನ್ಸ್ ಮತ್ತೆ ಕಾಟನ್ ಟೀ ಶರ್ಟ್ ಹಾಕ್ಕೊಂಡು ಬಂದಿದ್ದ ಹುಡುಗ ತುದೀಲಿ ಫೋಟೋಗೆ ಅಂತ ಅರ್ಧ ಗಂಟೆ ನಿಂತ, ಇಳಿಯೋಕೆ ಶುರುಮಾಡಿದಾಗ ಮಾತು ತೊದಲ್ತಿತ್ತು, ಕಾಲು ಎಡವ್ತಿತ್ತು, ಕೇಳಿದ್ರೆ "ಏನಿಲ್ಲ ಅಣ್ಣ, ಆರಾಮಿದೀನಿ" ಅಂತಿದ್ದ. ಬಂಡೆ ಮರೆಗೆ ಕರ್ಕೊಂಡು ಹೋಗಿ ಒದ್ದೆ ಬಟ್ಟೆ ಬಿಚ್ಚಿಸಿ, ನನ್ನ ಒಣಗಿದ ಸ್ವೆಟರ್ ಹಾಕಿಸಿ, ಮೇಲೆ ಪಾಂಚೋ ಸುತ್ತಿ, ಬೆಲ್ಲ ತಿನ್ನಿಸಿ ಬಿಸಿ ನೀರು ಕುಡಿಸಿ ಮುಕ್ಕಾಲು ಗಂಟೆ ಕೂರಿಸಿದ ಮೇಲೆ ಸರಿಹೋದ. ಆ ಒಣ ಸ್ವೆಟರ್ ನನ್ನ ಬ್ಯಾಗಲ್ಲಿ ಇಲ್ಲದೇ ಇದ್ದಿದ್ರೆ ಏನಾಗ್ತಿತ್ತು ಅಂತ ಈಗ್ಲೂ ಯೋಚನೆ ಬರತ್ತೆ. ನಡುಗ್ತಿದ್ದವರು ಮೈ ಬೆಚ್ಚಗಾಗದೇನೇ ನಡುಗೋದು ನಿಲ್ಲಿಸಿದ್ರೆ ಅದು ವಾಸಿ ಆಗಿದ್ದಲ್ಲ, ಕೈಮೀರ್ತಿದೆ ಅಂತ, ತಕ್ಷಣ ಸಹಾಯ ಕರೀಬೇಕು. ಬೆಚ್ಚಗಾಗ್ಲಿ ಅಂತ ರಮ್ ಕೊಡೋದು ಶುದ್ಧ ತಪ್ಪು, ಅದು ಇರೋ ಶಾಖನೂ ಚರ್ಮದಿಂದ ಹೊರಗೆ ಕಳಿಸತ್ತೆ.

ಅದಕ್ಕೆ, ಕಾಟನ್ ಬಿಡಿ, ಪಾಲಿಯೆಸ್ಟರ್ ಅಥವಾ ಉಣ್ಣೆ ಬನಿಯನ್ ಹಾಕಿ. ಏರು ಹತ್ತುವಾಗ ಸ್ವಲ್ಪ ಚಳಿ ಅನ್ನೋ ಹಾಗೇ ಹೊರಡಿ, ಬೆವರು ಸುರಿಯೋ ವೇಗದಲ್ಲಿ ನಡೀಬೇಡಿ. ನಿಂತ ಕೂಡ್ಲೇ ಮೇಲೊಂದು ಹಾಕ್ಕೊಳ್ಳಿ. ಮಲಗೋ ಬಟ್ಟೆ ಮಲಗೋಕೆ ಮಾತ್ರ, ಬೆಳಗ್ಗೆ ಎದ್ದು ಅದೇ ತಣ್ಣನೆ ಒದ್ದೆ ಬಟ್ಟೆ ಹಾಕ್ಕೊಂಡೇ ನಡೀಬೇಕು, ಕಷ್ಟ ಆಗತ್ತೆ, ಹತ್ತು ನಿಮಿಷಕ್ಕೆ ಮೈ ಬಿಸಿ ಆಗತ್ತೆ. ಒಣ ಬಟ್ಟೆ ಹಾಕ್ಕೊಂಡು ಹೊರಟ್ರೆ ಮಧ್ಯಾಹ್ನಕ್ಕೆ ಎರಡೂ ಜೊತೆ ಒದ್ದೆ, ಆ ರಾತ್ರಿ ನಿಮ್ಮದಲ್ಲ.

ಇನ್ನು ಟೆಂಟಾ ಟಾರ್ಪಾ. ಮಲೆನಾಡಿನ ಮಟ್ಟಿಗೆ ಹೇಳೋದಾದ್ರೆ ಈ ಪ್ರಶ್ನೆಗೆ ಹೆಚ್ಚು ಜಾಗಾನೇ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಬೆಟ್ಟದ ಮೇಲೆ ರಾತ್ರಿ ಉಳಿಯೋ ಹಾಗಿಲ್ಲ, ಮುಳ್ಳೋಡಿ ಕಡೆ ಹೋಂಸ್ಟೇಲಿ ಉಳಿದು ಒಂದೇ ದಿನದಲ್ಲಿ ಹೋಗಿ ಬರೋದು. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದೊಳಗೆ, ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮದೊಳಗೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಎಲ್ಲೋ ಒಂದು ಕಡೆ ಟಾರ್ಪ್ ಕಟ್ಟಿ ಮಲಗೋದು ಕಾನೂನಿಗೂ ತಪ್ಪು, ಆನೆ ಓಡಾಡೋ ಜಾಗದಲ್ಲಿ ಜೀವಕ್ಕೂ ತಪ್ಪು. ಯಾರದ್ದಾದ್ರೂ ಕಾಫಿ ತೋಟದಲ್ಲಿ, ಹೋಂಸ್ಟೇ ಅಂಗಳದಲ್ಲಿ ಕೇಳಿ ಹಾಕ್ಕೋಬಹುದು, ಅಲ್ಲೂ ನೆಲ ಇಲ್ಲದ ಟಾರ್ಪ್ ಕೆಳಗೆ ಮಲಗಿದ್ರೆ ಇಂಬಳಗಳು ಸುಮ್ನೆ ಬಿಡಲ್ಲ, ಮತ್ತೆ ಎರಚಲು. ಮಳೆ ಮೇಲಿಂದ ಮಾತ್ರ ಬರತ್ತೆ ಅನ್ನೋ ಹಾಗಿದ್ರೆ ಟಾರ್ಪ್ ಸಾಕಿತ್ತು, ನಮ್ಮಲ್ಲಿ ಅದು ಪಕ್ಕದಿಂದ್ಲೂ ಬರತ್ತೆ, ನೆಲಕ್ಕೆ ಬಡಿದು ಕೆಳಗಿಂದ್ಲೂ ಹಾರತ್ತೆ.

ಹಂಪ್ಟಾ ಸುಮಾರು 4,270 ಮೀಟರ್. ಕುಲು ಕಡೆ ಹತ್ತುವಾಗ ಆಗಸ್ಟಲ್ಲಿ ಮಳೆ, ಪಾಸ್ ದಾಟಿ ಲಾಹೌಲ್ ಕಡೆ ಇಳಿದ್ರೆ ಮಳೆ ನೆರಳು, ಒಣ ಬೆಟ್ಟ. ಮೇಲಿನ ಕ್ಯಾಂಪುಗಳಲ್ಲಿ ಮರ ಇಲ್ಲ, ಟಾರ್ಪ್ ನಿಲ್ಲಿಸೋಕೆ ಟ್ರೆಕ್ಕಿಂಗ್ ಪೋಲ್ ಬೇಕು, ಕಣಿವೆ ಗಾಳಿ ರಾತ್ರಿ ದಿಕ್ಕು ಬದಲಿಸತ್ತೆ, ಆಗ ಕತ್ತಲಲ್ಲಿ ಎದ್ದು ಟಾರ್ಪ್ ತಿರುಗಿಸಿ ಕಟ್ಟೋ ಅಭ್ಯಾಸ ಇರ್ಬೇಕು. ಅಭ್ಯಾಸ ಇರೋರಿಗೆ ಅದು ಬಹಳ ಒಳ್ಳೆ ಸಾಧನ, ನಾನೂ ಬಳಸ್ತೀನಿ. ನಿಮಗೆ ಮೊದಲ ಸಲ, ಬಿಟ್ಟುಬಿಡಿ. ಹಳೇ ಟೆಂಟನ್ನೇ ತಗೊಂಡು ಹೋಗಿ. 3.2 ಕೆಜಿ ಕೇಳೋಕೆ ಭಾರ, ಒಬ್ಬರು ಬಟ್ಟೆ ಒಬ್ಬರು ಕೋಲು ಮೊಳೆ ಅಂತ ಹಂಚ್ಕೊಂಡ್ರೆ ತಲಾ 1.6. ದುಬಾರಿ 1.8 ಕೆಜಿ ಟೆಂಟ್ ತಗೊಂಡ್ರೂ ತಲಾ ಉಳಿಯೋದು 700 ಗ್ರಾಮ್, ಅಷ್ಟನ್ನ ಬ್ಯಾಗಿಂದ ಬೇರೆ ಕಡೆ ತೆಗೀಬಹುದು, ಪವರ್ ಬ್ಯಾಂಕ್ ನಾಲ್ಕು ಜನಕ್ಕೆ ನಾಲ್ಕು ಬೇಕಾ ನೋಡಿ. ಟಾರ್ಪ್ ಮೇಲೆ ಅಷ್ಟು ಮನಸ್ಸಿದ್ರೆ ನಾಲ್ಕು ಜನ ಸೇರಿ 3×3 ಮೀಟರಿನ ಒಂದು ತಗೊಳ್ಳಿ, 700 ಗ್ರಾಮ್ ಬಂದ್ರೆ ತಲಾ 175. ಅಡುಗೆ, ಮಳೆ ನಿಲ್ಲೋ ತನಕ ಕೂರೋದು, ಒದ್ದೆ ಶೂ ಬಿಚ್ಚೋದು ಎಲ್ಲ ಅದರ ಕೆಳಗೆ. ಟೆಂಟ್ ಒಳಗೆ ಸ್ಟೋವ್ ಹಚ್ಚಲೇಬೇಡಿ, ಬೆಂಕಿ ಭಯ ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ವಾಸನೇನೇ ಇಲ್ಲದೆ ಕೊಲ್ಲತ್ತೆ.

ಬೆಳಗ್ಗೆ ಟೆಂಟ್ ಒಳಗೋಡೆ ಒದ್ದೆ ಇದ್ರೆ ಅಲ್ಲೂ ಸೋರಿಕೆ ಅಂತ ಗಾಬರಿ ಆಗ್ಬೇಡಿ, ಇಬ್ಬರ ಉಸಿರು, ಮೈಬೆವರು ಸೇರಿ ಒಂದು ರಾತ್ರೀಲಿ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಆವಿಯಾಗಿ ಹೊರಗೆ ಬರತ್ತೆ. ಒಳಗೊಂದು ಹೊರಗೊಂದು ಪದರ ಇರೋ ಡಬಲ್ ವಾಲ್ ಟೆಂಟಲ್ಲಿ ಅದು ಹೊರ ಹೊದಿಕೆಗೆ ಕೂರತ್ತೆ, ನಿಮ್ಮ ಮೇಲೆ ಬೀಳಲ್ಲ, ಆ ಭಾರಕ್ಕೆ ಅದೊಂದು ಲಾಭ. ಮೇಲಿನ ಕಿಂಡಿ ಮುಚ್ಚಬೇಡಿ. ನೈಲಾನ್ ನೆಂದಾಗ ಹಿಗ್ಗಿ ಜೋಲುತ್ತೆ, ಮಲಗೋ ಮುಂಚೆ ಒಂದ್ಸಲ ಹಗ್ಗ ಬಿಗಿ ಮಾಡಿ, ಎರಡು ಪದರ ಒಂದಕ್ಕೊಂದು ತಾಗಿದ್ರೆ ಅಲ್ಲಿಂದಾನೇ ನೀರು ಇಳಿಯೋದು. ಕೆಳಗೆ ಹಾಸೋ ಶೀಟ್ ಟೆಂಟಿಗಿಂತ ಎರಡು ಬೆರಳು ಚಿಕ್ಕದಿರಲಿ, ಹೊರಗೆ ಚಾಚಿದ್ರೆ ಮಳೆ ನೀರನ್ನ ಹಿಡಿದು ನಿಮ್ಮ ಕೆಳಗೇ ತರತ್ತೆ, ಈ ತಪ್ಪು ತುಂಬ ಜನ ಮಾಡ್ತಾರೆ. ತಗ್ಗಲ್ಲಿ, ತೊರೆ ದಂಡೇಲಿ ಬೇಡ. ಹಿಮದ ತೊರೆಗಳು ಮಧ್ಯಾಹ್ನದ ಮೇಲೆ ಏರ್ತವೆ, ದಾಟೋದಿದ್ರೆ ಬೆಳಗ್ಗೆ ಬೇಗ ದಾಟಿ. ಆಗಸ್ಟಲ್ಲಿ ಆ ಕಡೆ ಗುಡ್ಡ ಕುಸಿಯೋದು ಇದ್ದಿದ್ದೇ, ಜೋರು ಮಳೆ ಮುನ್ಸೂಚನೆ ಬಂದ್ರೆ ಎರಡು ದಿನ ಮನಾಲೀಲೇ ಕೂತ್ಕೊಳ್ಳೋಕೆ ರಜಾ ಇಟ್ಕೊಂಡೇ ಹೋಗಿ, ಮೊದಲ ಸಲ ನೀವೇ ಹೋಗ್ತಿರೋದ್ರಿಂದ ಅಲ್ಲಿನ ಒಬ್ಬ ಗೈಡ್ ಜೊತೆಗಿರ್ಲಿ.

ಹೊರಡೋಕೆ ಮೂರು ವಾರ ಮುಂಚೆ ಎರಡೂ ಟೆಂಟ್ ಮನೆ ಟೆರೇಸ್ ಮೇಲೆ ನಿಲ್ಲಿಸಿ, ಪೈಪಲ್ಲಿ ಇಪ್ಪತ್ತು ನಿಮಿಷ ನೀರು ಹೊಡೆದು ಒಳಗೆ ಟಾರ್ಚ್ ಹಿಡಿದು ಹೊಲಿಗೆ ನೋಡಿ. ಹನಿ ಕಂಡ ಕಡೆ ಚಾಕ್ ಗುರುತು ಹಾಕಿ, ಒಣಗಿದ ಮೇಲೆ ಸೀಲರ್, ಅಂದ್ರೆ ಹೊಲಿಗೆ ಮುಚ್ಚೋ ಅಂಟು, ಹಚ್ಚಿ. ಪಿಯು ಕೋಟಿಂಗಿಗೂ ಸಿಲಿಕಾನ್ ಕೋಟಿಂಗಿಗೂ ಸೀಲರ್ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹಿಡಿಯಲ್ಲ, ಹೊಲಿಗೆ ಮೇಲೆ ಟೇಪ್ ಅಂಟಿಸಿದ್ರೆ ಸಾಮಾನ್ಯವಾಗಿ ಅದು ಪಿಯು. ಹಳೇ ಟೆಂಟ್ ಅಂತೀರಲ್ಲ, ಒಳಮೈ ಜಿಗುಟಾಗಿದ್ದು ಪುಡಿ ಉದುರ್ತಿದ್ರೆ ಮಾತ್ರ ಸೀಲರಿಂದ ಪ್ರಯೋಜನ ಇಲ್ಲ, ಆಗ ಜಾಕೆಟಿಗೆ ಅಂತ ಇಟ್ಟಿದ್ದ 18,000ನ ಒಂದು ಒಳ್ಳೆ ಟೆಂಟಿಗೆ ಹಾಕಿ. ಏನೇ ಇರ್ಲಿ, ಪರೀಕ್ಷೆ ಮಾಡಿ ನೋಡಿ, ಏನು ಕಂಡಿತು ಅಂತ ನನಗೂ ಬರೀರಿ.